ಒಂದೇ ಗಿಡದ ಬೀಜ, ಬೇರೆ ಬೇರೆ ಹೂ: ಪೀಟ್ ಔಡಾಲ್ಫ್ ಅವರ ಕೆಲಸವನ್ನು ಹತ್ತನೇ ತರಗತಿಗೆ ಕಲಿಸಿದ ಅನುಭವ

ಪೀಠಿಕೆ

ಮೂರನೇ ಸೆಮಿಸ್ಟರಿನ ಶಾಲಾ ಇಂಟರ್ನ್‌ಶಿಪ್‌ನಲ್ಲಿ ನನಗೆ ಹೂ ಬೆಳೆಯುವ ಹಳ್ಳಿಯೊಂದರ ಪ್ರೌಢಶಾಲೆ ಸಿಕ್ಕಿತ್ತು. ಬೆಳಿಗ್ಗೆ ಶಾಲೆಗೆ ಹೋಗುವಾಗ ದಾರಿಯ ಎರಡೂ ಕಡೆ ಸೇವಂತಿಗೆ, ಚೆಂಡುಹೂ, ಸುಗಂಧರಾಜದ ತಾಕುಗಳು ಕಾಣುತ್ತಿದ್ದವು. ಇಂಥ ಊರಿನಲ್ಲಿ ಸಸ್ಯಗಳ ಸಂತಾನೋತ್ಪತ್ತಿ ಪಾಠ ಸುಲಭವಾಗಿ ಸಾಗುತ್ತದೆ ಎಂದು ನಾನು ಭಾವಿಸಿದ್ದೆ. ಅದು ಹಾಗಾಗಲಿಲ್ಲ. ಮೊದಲ ಬಾರಿ ಮಾಡಿದ ಪಾಠದಲ್ಲಿ ಎರಡು ತಪ್ಪುಗಳಾದವು. ಒಂದು ವಿಷಯಕ್ಕೆ ಸಂಬಂಧಿಸಿದ್ದು, ಇನ್ನೊಂದು ಮಕ್ಕಳಿಗೆ ಸಂಬಂಧಿಸಿದ್ದು. ಹನ್ನೊಂದು ವಾರಗಳ ನಂತರ ಅದೇ ಪಾಠಕ್ಕೆ ಮರಳಿ ಬಂದು ಅವುಗಳನ್ನು ಸರಿಪಡಿಸಲು ಪ್ರಯತ್ನಿಸಿದೆ. ಈ ಲೇಖನದಲ್ಲಿ ಆ ಎರಡೂ ಪಾಠಗಳ ವಿವರವಿದೆ.

ಪಾಠಕ್ಕೆ ಆಧಾರವಾಗಿ ನಾನು ಆರಿಸಿಕೊಂಡವರು ನೆದರ್ಲೆಂಡ್ಸ್ ದೇಶದ ಉದ್ಯಾನ ವಿನ್ಯಾಸಕಾರ ಪೀಟ್ ಔಡಾಲ್ಫ್. ಬಿ.ಎಸ್ಸಿ. ಓದುವಾಗ ಅವರ ತೋಟಗಳ ಕುರಿತ 'ಫೈವ್ ಸೀಸನ್ಸ್' ಎಂಬ 2017ರ ಸಾಕ್ಷ್ಯಚಿತ್ರ ನೋಡಿದ್ದೆ. ತೋಟವನ್ನು ಚಿತ್ರಿಸುವವರೇ ಅದಕ್ಕೆ ಬೇಕಾದ ಗಿಡಗಳ ತಳಿಯನ್ನೂ ಬೆಳೆಸಿದ್ದಾರೆ ಎಂಬುದು ನನಗೆ ಹೊಸ ವಿಷಯವಾಗಿತ್ತು.

ಪಾಠದ ವಿವರ

ತರಗತಿ: 10
ವಿಷಯ: ವಿಜ್ಞಾನ (ಜೀವಶಾಸ್ತ್ರ)
ಘಟಕಗಳು: ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ, ಅನುವಂಶೀಯತೆ
ಅವಧಿ: ಮೊದಲ ಪಾಠ 40 ನಿಮಿಷ (2ನೇ ವಾರ); ಮರುಪಾಠ 40 ನಿಮಿಷ (13ನೇ ವಾರ)
ಬೋಧನೋಪಕರಣಗಳು: ಎರಡು ದೊಡ್ಡ ಮುದ್ರಿತ ಚಿತ್ರಗಳು, ಸಂಜೆಮಲ್ಲಿಗೆ ಬೀಜ ಮತ್ತು ಗಡ್ಡೆ, ಮಣ್ಣು ತುಂಬಿದ 8 ನರ್ಸರಿ ಚೀಲಗಳು, ವೀಕ್ಷಣಾ ಪಟ್ಟಿ

ಕಲಿಕಾ ಫಲಗಳು: ಪಾಠದ ನಂತರ ವಿದ್ಯಾರ್ಥಿಯು (1) ಬೀಜದಿಂದ ಬಂದ ಗಿಡಗಳಲ್ಲಿ ಭಿನ್ನತೆ ಕಾಣುವುದಕ್ಕೂ ಕಾಯಜ ವಿಧಾನದಿಂದ ಬಂದ ಗಿಡಗಳು ತಾಯಿಯಂತೆಯೇ ಇರುವುದಕ್ಕೂ ಕಾರಣ ಹೇಳುವನು, (2) ಕಸಿ ಮತ್ತು ಸಂಕರಣದ ವ್ಯತ್ಯಾಸ ಗುರುತಿಸುವನು, (3) 'ಹೊಸ ತಳಿ' ಎಂದರೆ ಏನು ಎಂಬುದನ್ನು ಸ್ವಂತ ಮಾತಿನಲ್ಲಿ ವಿವರಿಸುವನು.

ಶಿಕ್ಷಕರು ತಿಳಿದಿರಬೇಕಾದ ವಿಷಯಾಂಶ

ಪೀಟ್ ಔಡಾಲ್ಫ್ ಹುಟ್ಟಿದ್ದು 1944ರಲ್ಲಿ, ಹಾರ್ಲೆಮ್ ನಗರದಲ್ಲಿ. ಮನೆಯವರದು ಹೋಟೆಲ್ ವ್ಯವಹಾರ. ಸ್ವಲ್ಪ ಕಾಲ ಅದರಲ್ಲೇ ದುಡಿದು, ಇಪ್ಪತ್ತೈದರ ಆಸುಪಾಸಿನಲ್ಲಿ ಗಿಡಗಳ ಕೆಲಸದ ಕಡೆಗೆ ತಿರುಗಿದರು. 1982ರಲ್ಲಿ ಪತ್ನಿ ಅನ್ಯಾ ಅವರೊಂದಿಗೆ ಹುಮ್ಮೆಲೊ ಎಂಬ ಹಳ್ಳಿಯ ಹಳೆಯ ತೋಟದ ಮನೆಗೆ ಬಂದು ನರ್ಸರಿ ಆರಂಭಿಸಿದರು. ಕಾರಣ ಸರಳವಾದದ್ದು: ಅವರು ಕಲ್ಪಿಸಿದ ತೋಟಗಳಿಗೆ ಬೇಕಾದ ಗಿಡಗಳು ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ. ಅವನ್ನು ಹುಡುಕಿ ತರಬೇಕಿತ್ತು, ಇಲ್ಲವೇ ಬೆಳೆಸಿಕೊಳ್ಳಬೇಕಿತ್ತು.

ಅವರಿಗೆ ಬೇಕಾಗಿದ್ದದ್ದು ಬಹುವಾರ್ಷಿಕ ಸಸ್ಯಗಳು. ಯುರೋಪಿನ ಚಳಿಗಾಲದಲ್ಲಿ ಇವುಗಳ ಕಾಂಡ ಒಣಗುತ್ತದೆ, ನೆಲದೊಳಗಿನ ಬುಡ ಜೀವಂತವಾಗಿರುತ್ತದೆ, ವಸಂತದಲ್ಲಿ ಮತ್ತೆ ಚಿಗುರುತ್ತದೆ. ನಮ್ಮಲ್ಲಿ ಡೇರೆ ಗಡ್ಡೆ, ಅರಿಶಿನ, ಸುಗಂಧರಾಜ, ಸಂಜೆಮಲ್ಲಿಗೆಗಳನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಚೆಂಡುಹೂವಿನಂಥ ಏಕವಾರ್ಷಿಕ ಸಸ್ಯವಾದರೋ ಒಂದೇ ಹಂಗಾಮಿಗೆ ತನ್ನ ಕತೆ ಮುಗಿಸುತ್ತದೆ.

ಔಡಾಲ್ಫ್ ಬಿತ್ತಿದ ಸಸಿಗಳ ನಡುವೆ ಆಯ್ದು ಹೆಸರಿಟ್ಟ ತಳಿಗಳು ಅನೇಕ. ಅವುಗಳಲ್ಲಿ ಮೂರು ನಮ್ಮ ಪಾಠಕ್ಕೆ ಉಪಯುಕ್ತವಾಗಿವೆ.

ಮೊನಾರ್ಡಾ: ಉತ್ತರ ಅಮೆರಿಕ ಮೂಲದ ಈ ಗಿಡದ ಎಲೆಗಳಿಗೆ ಬೂದಿರೋಗ ಬರುವುದು ಸಾಮಾನ್ಯ. ಈ ರೋಗವನ್ನು ಹೆಚ್ಚು ತಾಳಿಕೊಳ್ಳುವ ಸಸಿಗಳನ್ನು ಆಯ್ದು, ಕೆಲವಕ್ಕೆ ಅವರು ರಾಶಿಗಳ ಹೆಸರಿಟ್ಟರು. 'ಸ್ಕಾರ್ಪಿಯನ್', ಅಂದರೆ ವೃಶ್ಚಿಕ, ಅಂಥದ್ದೊಂದು ತಳಿ.

ಅಸ್ಟ್ರಾನ್ಶಿಯಾ 'ರೋಮಾ': ತಿಳಿ ಗುಲಾಬಿ ಹೂವಿನ ತಳಿ. ಇದು ಬೀಜ ಕಟ್ಟುವುದಿಲ್ಲ. ಹಾಗಾಗಿ ಬಹಳ ದಿನ ಹೂ ಬಿಡುತ್ತಲೇ ಇರುತ್ತದೆ. ಇದನ್ನು ಹೆಚ್ಚಿಸಲು ಬುಡ ಸೀಳಿ ನೆಡುವಂಥ ಕಾಯಜ ವಿಧಾನವೇ ಬೇಕು.

ಸಾಲ್ವಿಯಾ 'ಡಿಯರ್ ಅನ್ಯಾ': ಪತ್ನಿಯ ಹೆಸರಿನ ತಳಿ. ನರ್ಸರಿಯ ವ್ಯವಹಾರ ನೋಡಿಕೊಂಡವರು ಅವರೇ.

ಔಡಾಲ್ಫ್ ಅವರ ಹಿಂದೆ ಒಂದು ಗುರುಪರಂಪರೆ ಇದೆ. ಜರ್ಮನಿಯ ಕಾರ್ಲ್ ಫೋರ್‌ಸ್ಟರ್ (1874–1970) ಪಾಟ್ಸ್‌ಡ್ಯಾಮ್ ಬಳಿಯ ಬೋರ್ನಿಮ್‌ನಲ್ಲಿ ನರ್ಸರಿ ನಡೆಸಿ, ಬಹುವಾರ್ಷಿಕ ಹೂಗಿಡಗಳ ನೂರಾರು ತಳಿಗಳನ್ನು ಕೊಟ್ಟವರು. ಅವರ ಶಿಷ್ಯ ಎರ್ನ್‌ಸ್ಟ್ ಪಾಗೆಲ್ಸ್ ಉತ್ತರ ಜರ್ಮನಿಯ ಲೀರ್ ಊರಿನಲ್ಲಿ ಸ್ವಂತ ನರ್ಸರಿ ತೆರೆದಾಗ ಗುರುಗಳು ಒಂದು ಪೊಟ್ಟಣ ಸಾಲ್ವಿಯಾ ಬೀಜ ಕೊಟ್ಟು, ಇದರಲ್ಲಿ ಒಳ್ಳೆಯದೇನಾದರೂ ಬರುತ್ತದೆಯೇ ನೋಡು ಎಂದರಂತೆ. ಪಾಗೆಲ್ಸ್ ಎಲ್ಲವನ್ನೂ ಬಿತ್ತಿದರು, ಕಾದು ನೋಡಿದರು, ಒಂದನ್ನು ಆರಿಸಿದರು. ಅದು 1955ರ ಸಾಲ್ವಿಯಾ 'ಓಸ್ಟ್‌ಫ್ರೀಸ್‌ಲಾಂಡ್'. ಅದಕ್ಕೆ ಅವರಿಟ್ಟದ್ದು ತಮ್ಮ ಸೀಮೆಯದೇ ಹೆಸರು. ಇಂದಿಗೂ ಅದು ತೋಟಗಳಲ್ಲಿದೆ. ಈ ಪಾಗೆಲ್ಸ್ ಅವರ ನರ್ಸರಿಗೆ ಹೋಗಿ ಗಿಡ ತಂದು, ಅವರಿಂದ ಕಲಿತವರು ಔಡಾಲ್ಫ್. ಗುರು ಶಿಷ್ಯನಿಗೆ ಸಿದ್ಧ ಗಿಡವನ್ನೇ ಕೊಡಬಹುದಿತ್ತು, ಕೊಟ್ಟದ್ದು ಬೀಜ. ಈ ಸಂಗತಿಯನ್ನು ನಾನು ಪಾಠದ ಟಿಪ್ಪಣಿಯ ಮೊದಲ ಪುಟದಲ್ಲಿ ಬರೆದುಕೊಂಡಿದ್ದೆ. ಆದರೆ ಅದರ ಅರ್ಥ ಆಗ ನನಗೆ ಪೂರ್ತಿ ಹೊಳೆದಿರಲಿಲ್ಲ.

ಮೊದಲ ಪಾಠ: ಏನಾಯಿತು?

ನ್ಯೂಯಾರ್ಕಿನ 'ಹೈ ಲೈನ್' ಉದ್ಯಾನದ ಚಿತ್ರ ತೋರಿಸಿ ಪಾಠ ಆರಂಭಿಸಿದೆ. ಕಂಬಗಳ ಮೇಲೆ ಹೋಗುವ ಹಳೆಯ ಗೂಡ್ಸ್ ರೈಲು ಮಾರ್ಗವದು. ಅದರ ಮೇಲೆ ಕೊನೆಯ ರೈಲು ಓಡಿದ್ದು 1980ರಲ್ಲಿ. ಅದನ್ನು ಕೆಡವದೆ ಉದ್ಯಾನವಾಗಿಸಿ, ಮೊದಲ ಭಾಗವನ್ನು 2009ರಲ್ಲಿ ಜನರಿಗೆ ತೆರೆದರು. ಅಲ್ಲಿ ಯಾವ ಗಿಡ ಎಲ್ಲಿರಬೇಕೆಂದು ಯೋಜಿಸಿದವರು ಔಡಾಲ್ಫ್. ರೈಲು ಹಳಿಯ ಮೇಲೆ ತೋಟ ಎಂದೊಡನೆ ಮಕ್ಕಳು ಚಿತ್ರದ ಹತ್ತಿರಕ್ಕೇ ಬಂದರು. ಇಲ್ಲಿಯವರೆಗೆ ಪಾಠ ಚೆನ್ನಾಗಿತ್ತು.

ನಂತರ ನಾನು ಹೇಳಿದ ವಾಕ್ಯ: "ಇವರು ಹೊಸ ಹೊಸ ಗಿಡಗಳನ್ನು ತಯಾರಿಸಿದ್ದಾರೆ. ಹೇಗೆ ತಯಾರಿಸಿರಬಹುದು? ಬರೆಯಿರಿ."

ಬಂದ ಉತ್ತರಗಳನ್ನು ಮೂರು ಗುಂಪು ಮಾಡಬಹುದು. ಹೆಚ್ಚಿನವರು "ಎರಡು ಗಿಡ ಕಸಿ ಕಟ್ಟಿ" ಎಂದು ಬರೆದಿದ್ದರು. ಕೆಲವರು "ಬೇರೆ ಥರ ಗೊಬ್ಬರ, ಔಷಧಿ ಹಾಕಿ" ಎಂದರು. ಮೂವರು "ಬಣ್ಣದ ನೀರಲ್ಲಿ ಇಟ್ಟು" ಎಂದು ಬರೆದಿದ್ದರು. ಮದುವೆ ಮಂಟಪಕ್ಕೆ ಬರುವ ನೀಲಿ ಬಣ್ಣದ ಸುಗಂಧರಾಜವನ್ನು ಅವರು ನೋಡಿದ್ದರು. ಮೂರೂ ಉತ್ತರಗಳು ಅವರ ಊರಿನ ಅನುಭವದಿಂದಲೇ ಬಂದವು. ಆದರೆ ಮೂರರಲ್ಲೂ ಬೀಜದ ಮಾತೇ ಇರಲಿಲ್ಲ.

ನಾನು ಆತುರದಲ್ಲಿ "ಅಲ್ಲ, ಸಂಕರಣ ಮಾಡಿ" ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಒಂದು ಹೂವಿನ ಪರಾಗವನ್ನು ಇನ್ನೊಂದರ ಶಲಾಕಾಗ್ರಕ್ಕೆ ಸವರಿದರೆ ಬೇಕಾದ ಹೊಸ ಗಿಡ ಸಿಗುತ್ತದೆ ಎಂದು ವಿವರಿಸಿದೆ. ಆಗ ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು:

"ಮಿಸ್, ನಮ್ಮನೇಲಿ ಸೇವಂತಿಗೆ ಬೀಜ ಹಾಕೋದೇ ಇಲ್ಲ. ಬುಡದಲ್ಲಿ ಬರೋ ಮರಿ ಕಿತ್ತು ನೆಡ್ತೀವಿ. ಅಜ್ಜಿ ಕಾಲದಿಂದ್ಲೂ ಅದೇ ಹೂವು. ಆ ಹೂವು ಮೊದ್ಲು ಎಲ್ಲಿಂದ ಬಂತು?"

ಪ್ರಶ್ನೆ ಅಪ್ಪಟವಾಗಿತ್ತು. ಕಾಯಜ ಸಂತಾನೋತ್ಪತ್ತಿಯಲ್ಲಿ ಏಕೆ ಬದಲಾವಣೆ ಬರುವುದಿಲ್ಲ, ಹಾಗಾದರೆ ಹೊಸತು ಹುಟ್ಟುವುದೆಲ್ಲಿ ಎಂಬ ಎರಡೂ ಘಟಕಗಳ ತಿರುಳು ಅದರಲ್ಲಿತ್ತು. ನಾನು "ಅದನ್ನು ಅನುವಂಶೀಯತೆ ಪಾಠದಲ್ಲಿ ನೋಡೋಣ" ಎಂದು ಮುಂದೆ ಹೋದೆ. ಅವಧಿ ಮುಗಿಯಲು ಹನ್ನೆರಡು ನಿಮಿಷ ಉಳಿದಿತ್ತು, ಪಾಠಯೋಜನೆಯಲ್ಲಿ ಮೂರು ಹಂತ ಬಾಕಿ ಇತ್ತು.

ಎರಡನೇ ತಪ್ಪು ಆಗಿದ್ದು ಆಮೇಲೆ. ತಳಿ ಬೆಳೆಸುವವರು ನೂರಾರು ಸಸಿಗಳನ್ನು ಬಿತ್ತಿ, ಒಂದೋ ಎರಡೋ ಇಟ್ಟುಕೊಳ್ಳುತ್ತಾರೆ ಎಂದೆ. ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಕೇಳಿದ: "ಮಿಕ್ಕಿದ್ದು ಏನ್ ಮಾಡ್ತಾರೆ ಮಿಸ್?"

"ಗೊಬ್ಬರದ ಗುಂಡಿಗೆ ಹಾಕುತ್ತಾರೆ."

"ನಮ್ ಬೆಂಚ್ ಥರ."

ತರಗತಿ ನಕ್ಕಿತು. ನಾನೂ ನಕ್ಕೆ. ಆ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ದೃಷ್ಟಿಯಿಂದ ಮಕ್ಕಳನ್ನು ಅಂಕಗಳ ಮೇಲೆ ಮೂರು ಗುಂಪು ಮಾಡಿದ್ದರು. ಕೊನೆಯ ಎರಡು ಬೆಂಚು ಮೂರನೇ ಗುಂಪಿನದು. ಇದು ನನಗೆ ಗೊತ್ತಿತ್ತು, ಆದರೂ ಆ ಕ್ಷಣಕ್ಕೆ ಹೊಳೆಯಲಿಲ್ಲ. ಪಾಠ ವೀಕ್ಷಿಸಿದವರು ನನ್ನ ವೀಕ್ಷಣಾ ಪುಸ್ತಕದಲ್ಲಿ "ತರಗತಿಯ ವಾತಾವರಣ ಲವಲವಿಕೆಯಿಂದ ಕೂಡಿತ್ತು" ಎಂದು ಬರೆದರು. ಸಂಜೆ ಬಸ್ಸಿನಲ್ಲಿ ಆ ವಾಕ್ಯವನ್ನು ಓದಿದಾಗ ನನಗೆ ಸಮಾಧಾನವಾಗಲಿಲ್ಲ.

ಮರುಯೋಜನೆ: ಸಂಜೆಮಲ್ಲಿಗೆಯ ಪ್ರಯೋಗ

ಮಾರ್ಗದರ್ಶಕ ಉಪನ್ಯಾಸಕರೊಂದಿಗೆ ಚರ್ಚಿಸಿದಾಗ ಅವರು ಕೇಳಿದ್ದು ಒಂದೇ: "ಆ ಹುಡುಗಿಯ ಪ್ರಶ್ನೆಗೆ ಗಿಡದಿಂದಲೇ ಉತ್ತರ ಕೊಡಿಸಲು ಆಗುವುದಿಲ್ಲವೇ?" ಹದಿನಾರು ವಾರಗಳ ಇಂಟರ್ನ್‌ಶಿಪ್‌ನೊಳಗೆ ಬೀಜದಿಂದ ಹೂವಿನವರೆಗೆ ಬರುವ ಬಹುವಾರ್ಷಿಕ ಗಿಡ ಬೇಕಿತ್ತು. ಸಂಜೆಮಲ್ಲಿಗೆ ಎಲ್ಲ ಹಿತ್ತಿಲಲ್ಲೂ ಇರುತ್ತದೆ. ಬೀಜ ಕಾಳುಮೆಣಸಿನಷ್ಟು ದೊಡ್ಡದು, ಎಣಿಸಿ ಬಿತ್ತಲು ಸುಲಭ. ಎರಡು ಎರಡೂವರೆ ತಿಂಗಳಲ್ಲಿ ಹೂ ಬಿಡುತ್ತದೆ. ನೆಲದೊಳಗೆ ಗಡ್ಡೆಯೂ ಇರುವುದರಿಂದ ಒಂದೇ ಗಿಡದಲ್ಲಿ ಎರಡೂ ವಿಧಾನ ತೋರಿಸಬಹುದು. ಜೊತೆಗೆ, ಕೆಂಪು ಮತ್ತು ಬಿಳಿ ಹೂವಿನ ಶುದ್ಧ ಗಿಡಗಳನ್ನು ಸಂಕರಿಸಿದರೆ ಗುಲಾಬಿ ಹೂ ಬರುವ ಅಪೂರ್ಣ ಪ್ರಾಬಲ್ಯದ ಉದಾಹರಣೆಯಾಗಿ ಇದನ್ನು ನಾವು ಪದವಿಯಲ್ಲಿ ಓದಿಯೇ ಇರುತ್ತೇವೆ.

ಮೂರನೇ ವಾರ ಮಕ್ಕಳೊಂದಿಗೆ ಮಾಡಿದ ಕೆಲಸ ಹೀಗಿತ್ತು. ಶಾಲೆಯ ಕಾಂಪೌಂಡ್ ಪಕ್ಕದಲ್ಲಿದ್ದ, ತಿಳಿ ಗುಲಾಬಿ ಹೂ ಬಿಡುವ ಒಂದೇ ಗಿಡದಿಂದ ಬೀಜ ಆಯ್ದೆವು. 8 ಚೀಲಗಳಲ್ಲಿ ಚೀಲಕ್ಕೆ ಎರಡರಂತೆ ಬಿತ್ತಿದೆವು. ಅದೇ ಗಿಡವನ್ನು ಅಗೆದು, ಗಡ್ಡೆಯನ್ನು ಬುಡದ ಮೊಳಕೆ ಸಮೇತ ಎರಡಾಗಿ ಸೀಳಿ ಬೇರೆ ಬೇರೆ ಕಡೆ ನೆಟ್ಟೆವು. ಈ ಗಿಡದ ಬೀಜ ಮತ್ತು ಗಡ್ಡೆ ವಿಷಕಾರಿಯಾದ್ದರಿಂದ ಬಾಯಿಗೆ ಹಾಕಬಾರದು, ಕೆಲಸದ ನಂತರ ಸೋಪಿನಿಂದ ಕೈ ತೊಳೆಯಬೇಕು ಎಂದು ಮೊದಲೇ ಹೇಳಿದ್ದೆ. ಈ ಪ್ರಯೋಗ ಮಾಡುವವರು ಇದನ್ನು ಮರೆಯಬಾರದು.

ಪ್ರತಿ ಮಗುವೂ ಒಂದು ಊಹೆ ಬರೆದು ಸಹಿ ಹಾಕಬೇಕಿತ್ತು: ಬೀಜದ ಗಿಡಗಳಲ್ಲಿ ಯಾವ ಬಣ್ಣ? ಗಡ್ಡೆಯ ಗಿಡಗಳಲ್ಲಿ ಯಾವ ಬಣ್ಣ? ಹೆಚ್ಚುಕಡಿಮೆ ಎಲ್ಲರೂ ಎರಡಕ್ಕೂ "ತಿಳಿ ಗುಲಾಬಿ" ಎಂದೇ ಬರೆದರು. ಸೇವಂತಿಗೆಯ ಹುಡುಗಿ ಮಾತ್ರ ಬೀಜದ ಸಾಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು.

ಸಂಜೆಮಲ್ಲಿಗೆ ಅರಳುವುದು ನಾಲ್ಕು ಗಂಟೆಯ ಮೇಲೆ. ಹತ್ತನೇ ತರಗತಿಗೆ ಸಂಜೆ ವಿಶೇಷ ತರಗತಿ ಇದ್ದದ್ದು ನಮಗೆ ಅನುಕೂಲವಾಯಿತು. ಮಕ್ಕಳು ಹೊರಡುವ ಮೊದಲು ಪಟ್ಟಿಯಲ್ಲಿ ಆ ದಿನದ ಹೂವಿನ ಬಣ್ಣ ತುಂಬಿ ಹೋಗುತ್ತಿದ್ದರು.

ಫಲಿತಾಂಶ: 8 ಚೀಲಗಳಲ್ಲಿ 7 ಮೊಳೆತವು. 13ನೇ ವಾರದೊಳಗೆ 6 ಗಿಡಗಳು ಹೂ ಬಿಟ್ಟವು. 4 ತಾಯಿಯಂತೆ ತಿಳಿ ಗುಲಾಬಿ. 2 ಕಡು ಬಣ್ಣ. ಮಕ್ಕಳ ಮಾತಿನಲ್ಲಿ ರಾಣಿ ಕಲರ್. ಬಿಳಿ ಒಂದೂ ಇರಲಿಲ್ಲ. ಗಡ್ಡೆಯ ಎರಡು ಹೋಳುಗಳಲ್ಲಿ ಒಂದು ಮಳೆಗೆ ಕೊಳೆಯಿತು. ಇನ್ನೊಂದು ಚಿಗುರಿ ತಿಳಿ ಗುಲಾಬಿ ಹೂವನ್ನೇ ಬಿಟ್ಟಿತು.

ಮರುಪಾಠದ ಹಂತಗಳು

ತೊಡಗಿಸಿಕೊಳ್ಳುವಿಕೆ: ಹಿಂದಿನ ಸಂಜೆ ಮಕ್ಕಳು ತುಂಬಿದ ಪಟ್ಟಿಯನ್ನೂ ಅವರ ಹಳೆಯ ಊಹೆಗಳನ್ನೂ ಅಕ್ಕಪಕ್ಕದಲ್ಲಿ ಅಂಟಿಸಿದೆ. "ಒಂದೇ ಗಿಡದ ಬೀಜ. ರಾಣಿ ಕಲರ್ ಎಲ್ಲಿಂದ ಬಂತು?" ಎಂದು ಮಾತ್ರ ಕೇಳಿದೆ. ಯಾರೋ ಪಕ್ಕದ ಮನೆಯ ಗಿಡದ ಪರಾಗ ಬಂದಿರಬಹುದು ಎಂದರು. ಅದೂ ಸಾಧ್ಯ ಎಂದು ಒಪ್ಪಿ ಹಲಗೆಯ ಒಂದು ಮೂಲೆಯಲ್ಲಿ ಬರೆದೆ.

ಅನ್ವೇಷಣೆ: ತಿಳಿ ಗುಲಾಬಿ ಗಿಡದಲ್ಲಿ ಬಣ್ಣದ ಎರಡು ರೂಪದ ವಂಶವಾಹಿಗಳು ಜೋಡಿಯಾಗಿವೆ ಎಂದು ಭಾವಿಸೋಣ ಎಂದು ಹೇಳಿ, ಎರಡು ಡಬ್ಬಿಗಳಲ್ಲಿ ಕೆಂಪು ಮತ್ತು ಬಿಳಿ ಮಣಿಗಳನ್ನು ಸಮವಾಗಿ ಹಾಕಿಕೊಟ್ಟೆ. ಪ್ರತಿ ಗುಂಪು ಕಣ್ಣು ಮುಚ್ಚಿ ಒಂದೊಂದು ಡಬ್ಬಿಯಿಂದ ಒಂದೊಂದು ಮಣಿ ತೆಗೆದು ಜೋಡಿ ಬರೆದು, ಮಣಿಗಳನ್ನು ಮರಳಿ ಹಾಕಿತು. ಆರು ಜೋಡಿ ತೆಗೆದಾಗ ಗುಂಪಿನಿಂದ ಗುಂಪಿಗೆ ಉತ್ತರ ಬೇರೆಯಾಯಿತು. ಒಂದು ಗುಂಪಿಗೆ ಬಿಳಿ-ಬಿಳಿ ಬರಲೇ ಇಲ್ಲ. ಎಲ್ಲ ಗುಂಪುಗಳ ಎಣಿಕೆ ಕೂಡಿಸಿದಾಗ ಮಾತ್ರ 1:2:1ರ ಹತ್ತಿರ ಬಂತು.

ವಿವರಣೆ: ಇಲ್ಲಿ ಗಣಿತ ನೆರವಿಗೆ ಬಂತು. ಒಂದು ಗಿಡ ಬಿಳಿಯಾಗದಿರುವ ಸಂಭವನೀಯತೆ 3/4. ಆರೂ ಗಿಡಗಳಲ್ಲಿ ಒಂದೂ ಬಿಳಿಯಾಗದಿರುವುದು 3/4ನ್ನು ಆರು ಬಾರಿ ಗುಣಿಸಿದಷ್ಟು, ಅಂದರೆ ನೂರಕ್ಕೆ ಸುಮಾರು 18. ಹಾಗಾಗಿ ನಮ್ಮ ಪ್ರಯೋಗ ಕೆಟ್ಟಿರಲಿಲ್ಲ, ಗಿಡಗಳು ಸಾಲದಾಗಿದ್ದವು. ಒಂದಾದರೂ ಬಿಳಿ ಸಿಗುವುದು ನೂರಕ್ಕೆ 95ರಷ್ಟು ಖಚಿತವಾಗಬೇಕಾದರೆ 11 ಗಿಡ ಬೇಕು. ನಾವು ಬಯಸುವ ಗುಣ ನೂರಕ್ಕೆ ಒಂದರಲ್ಲಿ ಬರುವಂಥದ್ದಾದರೆ ಸುಮಾರು 300 ಸಸಿ ಬೇಕು. ಬೂದಿರೋಗ ತಾಳಬೇಕು, ಕಾಂಡ ಗಟ್ಟಿ ಇರಬೇಕು, ಹೂ ಬಹಳ ದಿನ ಇರಬೇಕು ಎಂದು ಮೂರು ಗುಣಗಳನ್ನು ಒಟ್ಟಿಗೆ ಬಯಸುವವನ ಸಾಲು ಎಷ್ಟು ಉದ್ದವಾಗಬೇಕು ಎಂದು ಮಕ್ಕಳೇ ಯೋಚಿಸಿದರು. ಪಾಗೆಲ್ಸ್ ಪೊಟ್ಟಣದ ಬೀಜವನ್ನೆಲ್ಲ ಬಿತ್ತಿದ ಕತೆಯನ್ನು ಈಗ ಹೇಳಿದೆ. ಮೊದಲ ಪಾಠದಲ್ಲಿ ಅದು ಬರೀ ಕತೆಯಾಗುತ್ತಿತ್ತು.

ನಂತರ 'ತಯಾರಿಸಿದರು' ಎಂಬ ನನ್ನ ಹಳೆಯ ಪದವನ್ನು ಹಲಗೆಯ ಮೇಲೆ ಬರೆದು, ಅದು ಸರಿಯೇ ಎಂದು ಕೇಳಿದೆ. ಚರ್ಚೆಯಾಗಿ ಅದರ ಜಾಗಕ್ಕೆ ಮೂರು ಕ್ರಿಯಾಪದ ಬಂದವು: ಬಿತ್ತಿದರು, ಕಂಡುಹಿಡಿದರು, ಉಳಿಸಿಕೊಂಡರು. ಬಿತ್ತುವುದರಲ್ಲಿ ಭಿನ್ನತೆ ಸಿಗುತ್ತದೆ. ಕಂಡುಹಿಡಿಯುವುದು ಕಣ್ಣಿನ ಕೆಲಸ. ಉಳಿಸಿಕೊಳ್ಳುವುದು ಬುಡ ಸೀಳುವುದರಿಂದ, ಗಡ್ಡೆಯಿಂದ ಅಥವಾ ಕಾಂಡದ ತುಂಡಿನಿಂದ. 'ರೋಮಾ' ತಳಿಯ ಪ್ರತಿ ಗಿಡವೂ ಹೀಗೆ ಉಳಿಸಿಕೊಂಡ ಮೊದಲ ಗಿಡದ ಭಾಗವೇ.

ಕಸಿ ಎಂದು ಬರೆದವರ ಉತ್ತರಕ್ಕೂ ಈಗ ಜಾಗ ಸಿಕ್ಕಿತು. ಕಸಿಯಲ್ಲಿ ಎರಡು ಗಿಡಗಳ ಭಾಗಗಳು ಕೂಡುತ್ತವೆ. ಕುಡಿಯ ಗುಣ ಕುಡಿಯದೇ, ಬುಡದ ಗುಣ ಬುಡದ್ದೇ. ಅದು ಇರುವ ತಳಿಯನ್ನು ಉಳಿಸುವ ದಾರಿ. ಸಂಕರಣದಲ್ಲಿ ಪರಾಗ ಮತ್ತು ಅಂಡಾಣುವಿನ ಮೂಲಕ ವಂಶವಾಹಿಗಳೇ ಹೊಸದಾಗಿ ಜೋಡಿಯಾಗುತ್ತವೆ.

ವಿಸ್ತರಣೆ: ಅಜ್ಜಿ ಕಾಲದ ಸೇವಂತಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಕೇಳಿದವಳಿಗೇ ಬಿಟ್ಟೆ. ಅವಳ ಉತ್ತರ: "ಯಾರೋ ಒಬ್ರು ಯಾವಾಗ್ಲೋ ಬೀಜ ಹಾಕಿರ್ತಾರೆ. ಅದ್ರಲ್ಲಿ ಚೆನ್ನಾಗಿರೋದು ಇಟ್ಕೊಂಡು ಮರಿ ಮಾಡಿರ್ತಾರೆ." ಇದಕ್ಕೆ ನಾನು ಸೇರಿಸಿದ್ದು ಒಂದೇ ಅಂಶ: ಕೆಲವೊಮ್ಮೆ ಒಂದೇ ರೆಂಬೆಯಲ್ಲಿ ರೂಪಾಂತರ ಉಂಟಾಗಿ ಬೇರೆ ಬಣ್ಣದ ಹೂ ಬರುವುದುಂಟು, ಸೇವಂತಿಗೆಯಲ್ಲಿ ಇದು ಪರಿಚಿತ ಸಂಗತಿ. ಆ ರೆಂಬೆಯ ತುಂಡನ್ನು ನೆಟ್ಟು ಹೊಸ ತಳಿಯಾಗಿ ಉಳಿಸಿಕೊಳ್ಳಬಹುದು.

ನಮ್ಮ ಊರಿನ ಉದಾಹರಣೆಗೆ ಸುಗಂಧರಾಜವನ್ನು ತೆಗೆದುಕೊಂಡೆ. ಬೆಂಗಳೂರು ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಪ್ರಜ್ವಲ್' ತಳಿ, 'ಶೃಂಗಾರ್' ಮತ್ತು 'ಮೆಕ್ಸಿಕನ್ ಸಿಂಗಲ್' ತಳಿಗಳ ಸಂಕರದಿಂದ ಬಂದದ್ದು. ರೈತರ ಹೊಲದಲ್ಲಿ ಅದು ಗಡ್ಡೆಯಿಂದಲೇ ಹೆಚ್ಚುತ್ತದೆ. ಬೀಜದಿಂದ ಹುಟ್ಟು, ಗಡ್ಡೆಯಿಂದ ಬಾಳು. ಕಾನೂನು ಕೂಡ ಹೊಸ ತಳಿಯನ್ನು ಹೀಗೆಯೇ ನೋಡುತ್ತದೆ: ನಮ್ಮ ದೇಶದ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ಹೊಸ ತಳಿ ಉಳಿದವಕ್ಕಿಂತ ಬೇರೆಯಾಗಿರಬೇಕು, ಏಕರೂಪವಾಗಿರಬೇಕು, ಸ್ಥಿರವಾಗಿರಬೇಕು.

ಮೌಲ್ಯಮಾಪನ: (1) ತಿಳಿ ಗುಲಾಬಿ ಸಂಜೆಮಲ್ಲಿಗೆಯನ್ನು ಹಾಗೆಯೇ ಉಳಿಸಿಕೊಳ್ಳಲು ಬೀಜ ಆಯ್ಕೆ ಮಾಡುವಿರೋ ಗಡ್ಡೆಯನ್ನೋ? ಏಕೆ? (2) ಬೀಜ ಕಟ್ಟದ ಗಿಡದಿಂದ ಸಂಕರಣದ ಮೂಲಕ ಹೊಸ ತಳಿ ಪಡೆಯುವುದು ಏಕೆ ಕಷ್ಟ? (3) ಮಾವಿನ ಕಸಿಯಿಂದ ಹೊಸ ತಳಿ ಹುಟ್ಟುತ್ತದೆಯೇ? ಕಾರಣ ಕೊಡಿ. ಮೂರನೆಯ ಪ್ರಶ್ನೆಗೆ ಇನ್ನೂ ಕೆಲವರು ತಪ್ಪು ಉತ್ತರ ಬರೆದರು. ಕಸಿ ಮಾಡಿದ ಗಿಡವೇ ಮುಂದೆ ಬೀಜ ಬಿಟ್ಟರೆ ಆ ಬೀಜದ ಗಿಡ ಹೇಗಿರುತ್ತದೆ ಎಂಬ ಕೊಂಡಿಗೆ ಇನ್ನೊಂದು ಅವಧಿ ಬೇಕಾಗುತ್ತದೆ.

ಕೊನೆಯ ಬೆಂಚಿನ ಪ್ರಶ್ನೆ

ಮರುಪಾಠದ ಕೊನೆಯ ಏಳೆಂಟು ನಿಮಿಷವನ್ನು ನಾನು ಬೇಕೆಂದೇ ಉಳಿಸಿಕೊಂಡಿದ್ದೆ. ಮಿಕ್ಕ ಗಿಡಗಳ ಬಗ್ಗೆ ಹಿಂದೆ ನಾನು ಕೊಟ್ಟ ಉತ್ತರ ಅರ್ಧ ಮಾತ್ರ ಎಂದು ಹೇಳಿದೆ. ಅಂದು ಆಡಿದ ಮಾತಿಗೆ ನಕ್ಕದ್ದು ತಪ್ಪಾಯಿತೆಂದೂ ಹೇಳಿದೆ. ಉಳಿದರ್ಧ ಔಡಾಲ್ಫ್ ಅವರ ವಿನ್ಯಾಸದ ಕೆಲಸದಲ್ಲಿದೆ.

ಎರಡನೇ ಚಿತ್ರವನ್ನು ತೋರಿಸಿದೆ. ಅದು ಚಳಿಗಾಲದ ತೋಟ. ಹೂ ಒಂದೂ ಇಲ್ಲ. ಒಣಗಿದ ಕಾಂಡ, ಕಂದು ಬೀಜದ ತಲೆಗಳು, ಹುಲ್ಲಿನ ತೆನೆ. ಸಾಮಾನ್ಯ ತೋಟಗಾರ ಇದನ್ನೆಲ್ಲ ಕೊಯ್ದು ಹಾಕುತ್ತಾನೆ. ಔಡಾಲ್ಫ್ ಇವುಗಳನ್ನು ಚಳಿಗಾಲ ಮುಗಿಯುವವರೆಗೆ ಹಾಗೆಯೇ ಬಿಡುತ್ತಾರೆ. ಗಿಡವನ್ನು ಆರಿಸುವಾಗ ಹೂವಿನ ಬಣ್ಣಕ್ಕಿಂತ ಗಿಡದ ಆಕಾರ, ಎಲೆ, ಒಣಗಿದ ಮೇಲೂ ನಿಲ್ಲುವ ಕಾಂಡ ಇವುಗಳನ್ನು ಮೊದಲು ನೋಡುತ್ತಾರೆ. ಅವರ ತೋಟಗಳಲ್ಲಿ ಹೆಸರಾಂತ ತಳಿಗಳ ಸುತ್ತ ಸಾಧಾರಣ ಹುಲ್ಲುಗಳೂ ಇರುತ್ತವೆ, ಅವಿಲ್ಲದೆ ತೋಟವೇ ನಿಲ್ಲುವುದಿಲ್ಲ. ತಳಿ ಬೆಳೆಸುವಾಗ ಅವರು ಅನೇಕ ಗಿಡಗಳನ್ನು ಬಿಡಬೇಕಾಗುತ್ತದೆ ಎಂಬುದು ನಿಜ. ತೋಟ ಕಟ್ಟುವಾಗ ಅದೇ ಕೈ ಯಾವ ಗಿಡಕ್ಕೆ ಯಾವ ಜಾಗ ಹೊಂದುತ್ತದೆ ಎಂದು ಹುಡುಕುತ್ತದೆ.

ಇನ್ನೊಂದು ಮಾತನ್ನೂ ಹೇಳಿದೆ. ಬಹುವಾರ್ಷಿಕ ಗಿಡವನ್ನು ಮೊದಲ ವರ್ಷ ನೋಡಿ ತೀರ್ಮಾನಿಸಲಾಗುವುದಿಲ್ಲ. ಮೊದಲ ವರ್ಷ ಅದು ಬೇರು ಬಿಡುವುದರಲ್ಲೇ ಇರುತ್ತದೆ. ತಳಿ ಆರಿಸುವವರು ಕೆಲವು ಚಳಿಗಾಲ, ಕೆಲವು ಬೇಸಿಗೆ ಕಾಯುವುದು ಇದಕ್ಕೇ.

ಹುಡುಗ ಏನೂ ಹೇಳಲಿಲ್ಲ. ಆದರೆ ಒಂದು ಸಂಗತಿಯನ್ನು ಇಲ್ಲಿ ದಾಖಲಿಸಬೇಕು. ಐದನೇ ವಾರದಲ್ಲಿ ಎರಡೆರಡು ಮೊಳೆತ ಚೀಲಗಳಿಂದ ಸಣ್ಣ ಸಸಿಗಳನ್ನು ಕಿತ್ತು ಹಾಕಿದ್ದೆವು. ಅವುಗಳಲ್ಲಿ ಒಂದನ್ನು ಅವನು ಕೈತೊಳೆಯುವ ನಲ್ಲಿಯ ಪಕ್ಕ ನೆಟ್ಟಿದ್ದು ನನಗೆ ತಿಳಿದದ್ದು ಬಹಳ ತಡವಾಗಿ. ಆ ಸಸಿ ಸಣ್ಣದಾಗಿದ್ದದ್ದು ಬೀಜ ಆಳಕ್ಕೆ ಬಿದ್ದಿದ್ದರಿಂದ ಇರಬಹುದು, ವಂಶವಾಹಿಯಿಂದಲೇ ಇರಬೇಕೆಂದಿಲ್ಲ. ಪರಿಸರದಿಂದ ಬಂದ ಭಿನ್ನತೆ ಮತ್ತು ಅನುವಂಶೀಯ ಭಿನ್ನತೆಯ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ನಾನು ಶಾಲೆ ಬಿಡುವ ದಿನ ಅದರಲ್ಲಿ ಮೊಗ್ಗಿತ್ತು, ಇನ್ನೂ ಅರಳಿರಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸಲಹೆಗಳು

1. ಇಂಟರ್ನ್‌ಶಿಪ್‌ನ ಮೊದಲ ವಾರವೇ ಬಿತ್ತಿ. ನಾನು ಮೂರನೇ ವಾರ ಬಿತ್ತಿದ್ದರಿಂದ ಒಂದು ಗಿಡದ ಹೂ ನೋಡಲು ಆಗಲಿಲ್ಲ. 8 ಚೀಲದ ಬದಲು 20 ಇಡಿ. ಬಿಳಿ ಹೂ ಸಿಗುವ ಸಾಧ್ಯತೆ ಹೆಚ್ಚುತ್ತದೆ.

2. ತಾಯಿ ಗಿಡದ ಮೊಗ್ಗುಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಿ ಬೀಜ ಪಡೆಯಿರಿ. ಪಕ್ಕದ ಮನೆಯ ಪರಾಗದ ಅನುಮಾನ ಆಗ ಉಳಿಯುವುದಿಲ್ಲ.

3. ಗಡ್ಡೆಯ ಹೋಳುಗಳನ್ನು ಒಂದು ದಿನ ನೆರಳಿನಲ್ಲಿ ಆರಿಸಿ, ನೀರು ನಿಲ್ಲದ ಕಡೆ ನೆಡಿ.

4. ಮಕ್ಕಳ ತಪ್ಪು ಉತ್ತರಗಳನ್ನು ಅಳಿಸಬೇಡಿ. ಕಸಿ, ಗೊಬ್ಬರ, ಬಣ್ಣದ ನೀರು ಮೂರೂ ಮರುಪಾಠದಲ್ಲಿ ನನಗೆ ಕೆಲಸಕ್ಕೆ ಬಂದವು.

5. ಆಯ್ಕೆ, ತಿರಸ್ಕಾರದಂಥ ಪದಗಳನ್ನು ತರಗತಿಯಲ್ಲಿ ಬಳಸುವಾಗ ಅವು ಯಾವ ಬೆಂಚಿಗೆ ಹೇಗೆ ಕೇಳಿಸುತ್ತವೆ ಎಂದು ಒಮ್ಮೆ ಯೋಚಿಸಿ. ಸಸಿಗಳ ಬಗ್ಗೆ ಸರಿಯಾದ ಮಾತು ಮಕ್ಕಳ ಬಗ್ಗೆ ಸರಿಯಾಗಬೇಕೆಂದಿಲ್ಲ.

ಆ ಶಾಲೆಯ ವೀಕ್ಷಣಾ ಪಟ್ಟಿಯನ್ನು ನಾನು ಗೋಡೆಯ ಮೇಲೆಯೇ ಬಿಟ್ಟು ಬಂದೆ. ಏಳನೇ ಚೀಲದ ಮುಂದಿನ ಮತ್ತು ನಲ್ಲಿ ಪಕ್ಕದ ಗಿಡದ ಮುಂದಿನ ಖಾನೆಗಳು ಖಾಲಿ ಇದ್ದವು. ಅವನ್ನು ತುಂಬುವ ಕೆಲಸ ಈಗ ಮಕ್ಕಳದು.